ಕೀಲಿಗೆ ಹರಳೆಣ್ಣೆ: 1984ರ ಒಂದು 2ಸಿವಿ ರಿಪೇರಿಯ ದಿನಚರಿ

ಬ್ರೇಕ್ ಪೆಡಲ್ ಒತ್ತಿದೆ. ಅದು ಸೀದಾ ನೆಲ ಮುಟ್ಟಿತು. ಇನ್ನೊಂದು ಸಲ ಒತ್ತಿದೆ, ಮತ್ತೂ ಒಂದು ಸಲ. ಏನೂ ಹಿಡಿಯಲಿಲ್ಲ. ಹ್ಯಾಂಡ್‌ಬ್ರೇಕ್ ಮಾತ್ರ ಹಿಡಿದದ್ದು ಬಿಡುತ್ತಿರಲಿಲ್ಲ. ಹದಿನಾಲ್ಕು ವರ್ಷ ಕೊಟ್ಟಿಗೆಯಲ್ಲಿ ನಿಂತ ಕಾರು. ಮೇಲೆ ಟಾರ್ಪಾಲು, ಅದರ ಮೇಲೆ ಹುಲ್ಲಿನ ಧೂಳು, ಹಿಂದಿನ ಸೀಟಿನಲ್ಲಿ ಇಲಿಯ ಗೂಡು.

ನಾವಿರುವುದು ಫ್ರಾನ್ಸಿನ ನಡುಭಾಗದಲ್ಲಿ, ಕ್ಲೆರ್ಮೋನ್-ಫೆರಾನ್ ಊರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಕೆಲಸಕ್ಕೆ ಅಂತ ಬಂದು ಒಂಬತ್ತು ವರ್ಷವಾಯಿತು. ಎರಡು ಮನೆ ಆಚೆ ಒಬ್ಬ ಅಜ್ಜಿ ಇದ್ದಾರೆ. ಅವರ ಯಜಮಾನರು ಹಸು ಸಾಕುತ್ತಿದ್ದ ರೈತರು. ಈ ಕಾರು ಅವರದು. ಯಜಮಾನರು ಹೋದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಹೋದ ಅಕ್ಟೋಬರ್‌ನಲ್ಲಿ ಅಜ್ಜಿ ನನ್ನನ್ನು ಕರೆದು, "ನೀವು ಇದನ್ನು ಓಡಿಸುವುದಾದರೆ ಮಾತ್ರ ಕೊಡುತ್ತೇನೆ, ಗುಜರಿಗೆ ಹಾಕುವುದಾದರೆ ಇಲ್ಲ" ಅಂದರು. ಓಡಿಸುತ್ತೇನೆ ಅಂತ ಮಾತು ಕೊಟ್ಟೆ.

ಕಾರು ಸಿಟ್ರೊಯೆನ್ 2ಸಿವಿ6 ಸ್ಪೆಷಲ್, 1984ರದು. ಫ್ರೆಂಚರು 2ಸಿವಿಯನ್ನು 'ದ್ಯೂ ಶ್ವೋ' ಅಂತಾರೆ, ಅಂದರೆ ಎರಡು ಕುದುರೆ. ಇದು ಎಂಜಿನ್ನಿನ ಶಕ್ತಿಯ ಲೆಕ್ಕ ಅಲ್ಲ, ಸರ್ಕಾರ ತೆರಿಗೆ ಹಾಕಲು ಇಟ್ಟುಕೊಂಡ ಲೆಕ್ಕ. 1948ರಲ್ಲಿ ಮೊದಲು ತೋರಿಸಿದ ಕಾರಿನ ಎಂಜಿನ್ 375 ಸಿಸಿ, ಶಕ್ತಿ 9 ಅಶ್ವಶಕ್ತಿ. ನನ್ನ ಕಾರಿನದು 602 ಸಿಸಿ, 29 ಅಶ್ವಶಕ್ತಿ. ತೆರಿಗೆಯ ಲೆಕ್ಕದಲ್ಲಿ ಇದು ಮೂರು ಕುದುರೆ. ಆದರೂ ಹೆಸರು ಎರಡರಲ್ಲೇ ಉಳಿಯಿತು. ಮನೆಮಾತಿನಲ್ಲಿ ಎಲ್ಲರೂ 'ದ್ಯೂಶ್' ಅಂತ ಕರೆಯುತ್ತಾರೆ.

ನವೆಂಬರ್: ಬಿಚ್ಚುವುದು

ಮೊದಲ ಶನಿವಾರ ನನಗೆ ಅಚ್ಚರಿಯಾದದ್ದು ಇದು: ಬಿಚ್ಚಲು ಏನೂ ಕಷ್ಟವಿಲ್ಲ. ಬಾನೆಟ್ ಎತ್ತಿ ಪಕ್ಕಕ್ಕೆ ಜಾರಿಸಿದರೆ ಕೈಗೆ ಬರುತ್ತದೆ. ಅದರ ಕೀಲು ಅಂದರೆ ಬರೀ ಮಡಿಸಿದ ತಗಡು, ಒಂದರೊಳಗೆ ಒಂದು. ಡಿಕ್ಕಿಯ ಬಾಗಿಲೂ ಹಾಗೇ. ನಾಲ್ಕು ಬಾಗಿಲನ್ನು ತೆರೆದು ಮೇಲಕ್ಕೆ ಜಾರಿಸಿ ತೆಗೆದೆವು. ಸೀಟು ಅಂದರೆ ಕಬ್ಬಿಣದ ಕೊಳವೆಯ ಚೌಕಟ್ಟು, ಅದಕ್ಕೆ ರಬ್ಬರ್ ಬಳೆಗಳಿಂದ ಬಿಗಿದ ಬಟ್ಟೆ. ತೊಟ್ಟಿಲಿನ ಹಾಗೆ. ಅದನ್ನು ಎತ್ತಿ ಹುಲ್ಲಿನ ಮೇಲಿಟ್ಟು ಕೂತು ಕಾಫಿ ಕುಡಿದೆವು. ಇಲ್ಲಿನವರೂ ಪಿಕ್‌ನಿಕ್‌ಗೆ ಹೋದಾಗ ಹಾಗೇ ಮಾಡುತ್ತಿದ್ದರಂತೆ.

ಇದೆಲ್ಲ ಸುಮ್ನೆ ಬಂದದ್ದಲ್ಲ. 1934ರ ಕೊನೆಯಲ್ಲಿ ಸಿಟ್ರೊಯೆನ್ ದಿವಾಳಿಯಾಯಿತು. ಟೈರಿನ ಮಿಶೆಲಿನ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. ಮಿಶೆಲಿನ್‌ನ ಮನೆ ಇದೇ ಕ್ಲೆರ್ಮೋನ್-ಫೆರಾನ್. ಸಿಟ್ರೊಯೆನ್ ನೋಡಿಕೊಳ್ಳಲು ಅಲ್ಲಿಂದ ಹೋದವರು ಪಿಯೇರ್-ಜೂಲ್ ಬುಲಾಂಜೆ. ಆಗ ಫ್ರಾನ್ಸಿನ ಹಳ್ಳಿಗಳಲ್ಲಿ ರೈತರು ಇನ್ನೂ ಕುದುರೆ ಗಾಡಿಯಲ್ಲೇ ಸಂತೆಗೆ ಹೋಗುತ್ತಿದ್ದರು. ಅವರಿಗೆ ಒಂದು ಕಾರು ಮಾಡಿ ಅಂತ ಬುಲಾಂಜೆ ತಮ್ಮ ಎಂಜಿನಿಯರ್‌ಗಳಿಗೆ ಹೇಳಿದರು. ಇಬ್ಬರು ರೈತರು ಕೂರಬೇಕು, ಜೊತೆಗೆ 50 ಕೆ.ಜಿ. ಆಲೂಗಡ್ಡೆ ಹಿಡಿಸಬೇಕು. ಗಂಟೆಗೆ 60 ಕಿ.ಮೀ. ಓಡಬೇಕು. 100 ಕಿ.ಮೀ.ಗೆ ಮೂರು ಲೀಟರ್ ಪೆಟ್ರೋಲ್ ಸಾಕಾಗಬೇಕು. ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲ ದಾಟಿದರೆ ಒಂದೂ ಒಡೆಯಬಾರದು. ಕಾರು ಓಡಿಸಿ ಗೊತ್ತಿಲ್ಲದವರೂ ಸುಲಭವಾಗಿ ಓಡಿಸುವಂತಿರಬೇಕು.

ಈ ಪಟ್ಟಿಯನ್ನು ನಾನು ಮೊದಲೇ ಓದಿದ್ದೆ. ಆದರೆ ಸ್ಪ್ಯಾನರ್ ಹಿಡಿದ ಮೇಲೆ ಅದು ಬೇರೆ ತರಹ ಅರ್ಥವಾಯಿತು. ಹತ್ತಿರದಲ್ಲಿ ಮೆಕ್ಯಾನಿಕ್ ಇಲ್ಲದವನನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕಾರು ಮಾಡಿದ್ದಾರೆ. ಮಡ್‌ಗಾರ್ಡ್ ಜಜ್ಜಿದರೆ ಕೆಲವು ಬೋಲ್ಟ್ ಬಿಚ್ಚಿ ಬೇರೆ ಹಾಕಿಕೊಳ್ಳಬಹುದು. ಚಕ್ರದ ನಟ್ಟು ಬರೀ ಮೂರು. ಜಾಕ್ ತಿರುಗಿಸುವ, ನಟ್ಟು ಬಿಚ್ಚುವ, ಎಂಜಿನ್‌ಗೆ ಹ್ಯಾಂಡಲ್ ಹೊಡೆಯುವ ಕೆಲಸಕ್ಕೆಲ್ಲ ಒಂದೇ ಸಲಕರಣೆ. ಅದು ನನಗೆ ಡಿಕ್ಕಿಯಲ್ಲಿ, ಹಳೆಯ ಗೋಣಿ ತುಂಡಿನಲ್ಲಿ ಸುತ್ತಿಟ್ಟ ಹಾಗೇ ಸಿಕ್ಕಿತು. ಹಿಡಿ ಸವೆದು ನುಣುಪಾಗಿತ್ತು.

ಡಿಸೆಂಬರ್: ಚಾಸಿ

ಕೆಟ್ಟ ಸುದ್ದಿ ಕೆಳಗಿತ್ತು. 2ಸಿವಿಯ ಚಾಸಿ ಒಂದು ಚಪ್ಪಟೆ ಪೆಟ್ಟಿಗೆ. ಮೇಲೊಂದು ತಗಡು, ಕೆಳಗೊಂದು ತಗಡು, ನಡುವೆ ಪಟ್ಟಿಗಳು. ಹಗುರ, ಆದರೂ ಗಟ್ಟಿ. ತೊಂದರೆ ಏನೆಂದರೆ ಒಳಗೆ ನೀರು ಹೋದರೆ ಹೊರಗೆ ಬರುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪುನೀರು ಒಳಗೆ ಸೇರಿ ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಬಣ್ಣ ಚೆನ್ನಾಗೇ ಕಾಣುತ್ತಿತ್ತು. ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಯವರೆಗೂ ಒಳಗೆ ಹೋಯಿತು.

ತೇಪೆ ಹಾಕಿ ವೆಲ್ಡ್ ಮಾಡಬಹುದಿತ್ತು. ಎರಡು ವಾರ ಯೋಚಿಸಿದೆ. ಅಜ್ಜಿಗೆ ಕೊಟ್ಟ ಮಾತು ನೆನಪಾಗಿ ಹೊಸ ಚಾಸಿಯನ್ನೇ ತರಿಸಿದೆ. ಸತುವಿನ ಲೇಪ ಇರುವುದು. ಉತ್ಪಾದನೆ ನಿಂತು ಇಷ್ಟು ವರ್ಷವಾದರೂ ಇಡೀ ಚಾಸಿ ಹೊಸದಾಗಿ ಸಿಗುವ ಕಾರು ಎಷ್ಟಿವೆ ಹೇಳಿ? ಈ ಕಾರು ಮೊದಲು ಪ್ಯಾರಿಸ್ ಪಕ್ಕದ ಲೆವಾಲ್ವಾದಲ್ಲಿ ತಯಾರಾಗುತ್ತಿತ್ತು. ಅಲ್ಲಿ 1988ರಲ್ಲಿ ನಿಂತಿತು. ಕೊನೆಯ ಕಾರು ಪೋರ್ಚುಗಲ್‌ನ ಮಾಂಗ್ವಾಲ್ದೆ ಕಾರ್ಖಾನೆಯಿಂದ 1990ರ ಜುಲೈ 27ರಂದು ಹೊರಬಂತು. ಒಟ್ಟು 38 ಲಕ್ಷಕ್ಕೂ ಜಾಸ್ತಿ. ಬಿಡಿಭಾಗದ ಬೇಡಿಕೆ ಇನ್ನೂ ಇರುವುದು ಅದಕ್ಕೇ.

ಬಾಡಿ ಎತ್ತಲು ಕ್ರೇನ್ ಬೇಕಾಗಲಿಲ್ಲ. ಅಂಚಿನ ಬೋಲ್ಟ್‌ಗಳನ್ನೆಲ್ಲ ಬಿಚ್ಚಿದ ಮೇಲೆ ನಾನು, ನನ್ನ ಗಂಡ, ಪಕ್ಕದ ಮನೆಯ ಇಬ್ಬರು ಹುಡುಗರು, ನಾಲ್ಕೇ ಜನ ನಾಲ್ಕು ಮೂಲೆ ಹಿಡಿದು ಎತ್ತಿದೆವು. ಸಾಮಾನು ತುಂಬಿದ ಮಂಚ ಎತ್ತುವಷ್ಟು ಭಾರ. ಅದನ್ನು ಹಳೆಯ ಟೈರುಗಳ ಮೇಲೆ ಕೂರಿಸಿ, ಕೆಳಗಿದ್ದ ಚಾಸಿ ನೋಡಿದಾಗ ನನಗೆ ಮೊದಲ ಸಲ ಈ ಕಾರಿನ ಹೃದಯ ಕಂಡಿತು. ಎಂಜಿನ್ ಅಲ್ಲ. ಎರಡು ಬದಿಯಲ್ಲಿ ಮಲಗಿದ್ದ ಎರಡು ಕೊಳವೆಗಳು.

ಜನವರಿ, ಫೆಬ್ರವರಿ: ಆ ಎರಡು ಕೊಳವೆ

ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಈ ಕಾರಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಮಾಮೂಲಿ ಕಾರಿನಲ್ಲಿ ಒಂದೊಂದು ಚಕ್ರಕ್ಕೂ ಅದರದೇ ಸ್ಪ್ರಿಂಗ್ ಇರುತ್ತದೆ. ಮುಂದಿನ ಚಕ್ರ ದಿಣ್ಣೆ ಹತ್ತಿದರೆ ಮೂತಿ ಮೇಲೇಳುತ್ತದೆ, ಆಮೇಲೆ ಹಿಂಭಾಗ ಏಳುತ್ತದೆ. ಕೂತವರು ದೋಣಿಯಲ್ಲಿ ಕೂತಂತೆ ತೂಗುತ್ತಾರೆ. 2ಸಿವಿಯಲ್ಲಿ ಹಾಗಲ್ಲ. ಮುಂದಿನ ಚಕ್ರ ಒಂದು ತೋಳಿನ ತುದಿಯಲ್ಲಿದೆ, ಆ ತೋಳು ಹಿಂದಿನಿಂದ ಮುಂದಕ್ಕೆ ಚಾಚಿಕೊಂಡಿದೆ. ಹಿಂದಿನ ಚಕ್ರದ ತೋಳು ಹಿಂದಕ್ಕೆ ಚಾಚಿದೆ. ಎರಡೂ ತೋಳಿನಿಂದ ಒಂದೊಂದು ಕಬ್ಬಿಣದ ಸರಳು ನಡುವಿನ ಕೊಳವೆಗೆ ಹೋಗುತ್ತದೆ. ಕೊಳವೆಯೊಳಗೆ ಎರಡು ಸ್ಪ್ರಿಂಗ್, ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು. ಚಕ್ರ ಮೇಲೆ ಹೋದರೆ ಸರಳು ಎಳೆಯುತ್ತದೆ, ಸ್ಪ್ರಿಂಗ್ ಅದುಮಿಕೊಳ್ಳುತ್ತದೆ.

ಇಲ್ಲಿಯವರೆಗೆ ವಿಶೇಷವೇನಿಲ್ಲ. ವಿಶೇಷ ಏನೆಂದರೆ, ಆ ಕೊಳವೆಯನ್ನು ಚಾಸಿಗೆ ಬಿಗಿದಿಲ್ಲ. ಅದು ಹಿಂದೆ ಮುಂದೆ ಸ್ವಲ್ಪ ಸರಿಯಬಹುದು. ಮುಂದಿನ ಚಕ್ರ ಕಲ್ಲು ಹತ್ತಿದಾಗ ಇಡೀ ಕೊಳವೆ ಮುಂದಕ್ಕೆ ಸರಿಯುತ್ತದೆ. ಸರಿದಾಗ ಹಿಂದಿನ ಸರಳನ್ನೂ ಎಳೆಯುತ್ತದೆ. ಆಗ ಹಿಂದಿನ ಚಕ್ರ ನೆಲದ ಕಡೆಗೆ ಒತ್ತಿಕೊಂಡು ಕಾರಿನ ಹಿಂಭಾಗ ಮೇಲೇಳುತ್ತದೆ. ಅಂದರೆ ಮುಂದಿನ ಚಕ್ರ ಹಿಂದಿನದಕ್ಕೆ ಮೊದಲೇ ಸುದ್ದಿ ಕೊಡುತ್ತದೆ: ಕಲ್ಲು ಬರ್ತಾ ಇದೆ, ತಯಾರಾಗು ಅಂತ. ಮೊಟ್ಟೆ ಒಡೆಯದಿರುವುದು ಹೀಗೆ. ಪಂಪಿಲ್ಲ, ವೈರಿಲ್ಲ. ಸರಳು ಮತ್ತು ಸ್ಪ್ರಿಂಗ್ ಅಷ್ಟೇ.

ನನ್ನ ಕಾರಿನ ಕೊಳವೆಗಳು ಒಣಗಿ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಸರಳಿನ ತುದಿಯಲ್ಲಿ ಕತ್ತಿಯ ಅಂಚಿನಂಥ ಒಂದು ತುಂಡು ಇರುತ್ತದೆ. ಫ್ರೆಂಚರು ಅದನ್ನು 'ಕುತೊ' ಅಂತಲೇ ಕರೆಯುತ್ತಾರೆ, ಚಾಕು ಅಂತ. ತೋಳಿನ ಕುಳಿಯಲ್ಲಿ ಆ ಅಂಚು ಕೂತು ತೂಗುತ್ತದೆ, ತಕ್ಕಡಿಯ ಮುಳ್ಳಿನ ಹಾಗೆ. ಹಿಂದಿನ ಎಡಗಡೆಯ ಚಾಕು ಪೂರ್ತಿ ಸವೆದು ಚಪ್ಪಟೆಯಾಗಿತ್ತು. ಬೇರೆ ಹಾಕಿದೆ. ಉಳಿದ ಮೂರನ್ನು ಉಜ್ಜಿ, ಗ್ರೀಸ್ ತುಂಬಿದೆ. ಈ ಜಾಗಕ್ಕೆ ಗ್ರೀಸ್ ಹಾಕದಿದ್ದರೆ ಕಾರು ಓಡುವಾಗ ಹಳೆಯ ಮಂಚದ ಹಾಗೆ ಕಿರುಗುಟ್ಟುತ್ತದೆ.

ಕೊಳವೆಯೊಳಗೆ ಏನು ಹಾಕಬೇಕು ಅಂತ ಇಲ್ಲಿನ ಹಳಬರೊಬ್ಬರನ್ನು ಕೇಳಿದೆ. "ಹುಯಿಲ್ ದ ರಿಸಾಂ" ಅಂದರು. ಯಾವುದೋ ವಿಶೇಷ ಎಣ್ಣೆ ಇರಬೇಕು ಅಂದುಕೊಂಡು ಮನೆಗೆ ಬಂದು ನೋಡಿದರೆ, ಹರಳೆಣ್ಣೆ! ಅಮ್ಮ ಪ್ರತಿ ಭಾನುವಾರ ನೆತ್ತಿಗೆ ತಟ್ಟುತ್ತಿದ್ದ ಅದೇ ಹರಳೆಣ್ಣೆ. ಕೊಳವೆಯ ಎರಡು ತುದಿಯಲ್ಲೂ ರಬ್ಬರ್ ಮುಸುಕು ಇದೆ. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಆ ರಬ್ಬರ್ ಹಾಳಾಗುತ್ತದೆ. ಹರಳೆಣ್ಣೆ ಏನೂ ಮಾಡುವುದಿಲ್ಲ. ಹಿಂದಿನ ಕಾಲದ ಬ್ರೇಕ್ ಆಯಿಲ್‌ನಲ್ಲೂ ಇದೇ ಕಾರಣಕ್ಕೆ ಹರಳೆಣ್ಣೆ ಇರುತ್ತಿತ್ತು.

ಆ ರಾತ್ರಿ ತಿಪಟೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅಪ್ಪ ಮೂವತ್ತು ವರ್ಷ ಲೇತ್ ಮೆಷಿನ್ ನಡೆಸಿದವರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಇದರಲ್ಲೇನಿದೆ ಪುಟ್ಟಿ, ನಿಮ್ಮ ತಾತ ಎತ್ತಿನ ಗಾಡಿಗೆ ಹಾಕ್ತಿದ್ದ ಕೀಲೆಣ್ಣೆನೂ ಹರಳೆಣ್ಣೆದೇ ಅಲ್ವಾ. ಹುಲ್ಲು ಸುಟ್ಟ ಮಸಿ ಕಲಸಿ ಹಾಕೋರು. ಮಂದವಾಗಿರುತ್ತೆ, ಜಾರಿಹೋಗಲ್ಲ. ಕಬ್ಬಿಣಕ್ಕೆ ಅಂಟಿಕೊಂಡಿರುತ್ತೆ."

"ಮಸಿ ಹಾಕಲಾ ಅಪ್ಪ?"

"ಬೇಡಮ್ಮ. ಮುಸುಕು ಇದೆ ಅಂದ್ಯಲ್ಲ, ಬರೀ ಎಣ್ಣೆ ಸಾಕು."

ಇಲ್ಲಿ ಔಷಧಿ ಅಂಗಡಿಯಲ್ಲಿ ಕೂದಲಿಗೆ ಅಂತ ಚಿಕ್ಕ ಚಿಕ್ಕ ಬಾಟಲಿಯಲ್ಲಿ ಮಾರುತ್ತಾರೆ. ಕೊನೆಗೆ ಐದು ಲೀಟರಿನ ಡಬ್ಬ ಹುಡುಕಿ ತರಿಸಿದೆ. ದೊಡ್ಡ ಸಿರಿಂಜಿನಲ್ಲಿ ಮುಸುಕಿನ ಅಂಚು ಎತ್ತಿ ಒಳಗೆ ಬಿಟ್ಟೆ. ಗ್ಯಾರೇಜಿನ ತುಂಬಾ ಆ ವಾಸನೆ. ಫೆಬ್ರವರಿಯ ಹಿಮ ಹೊರಗೆ ಬೀಳುತ್ತಿತ್ತು, ನನಗೆ ಮಾತ್ರ ಹಂಡೆಯ ಒಲೆಯ ಮುಂದೆ ಕೂತ ಭಾನುವಾರದ ನೆನಪು.

ಮಾರ್ಚ್: ಎಂಜಿನ್

ಇದನ್ನು ಮಾಡಿದವರು ಸಿಟ್ರೊಯೆನ್ ಎಂಜಿನಿಯರ್ ವಾಲ್ಟರ್ ಬೆಕ್ಕಿಯ. ಎರಡು ಸಿಲಿಂಡರ್, ಎದುರುಬದುರು ಮಲಗಿವೆ. ನೀರಿಲ್ಲ, ಗಾಳಿಯೇ ತಂಪು ಮಾಡುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾದರಿಗಳಲ್ಲಿ ನೀರಿನ ಎಂಜಿನ್ ಇತ್ತು. ಆಮೇಲೆ ಅದನ್ನು ಕೈಬಿಟ್ಟರು. ನಮ್ಮ ಈ ಓವೆರ್ನ್ ಸೀಮೆಯ ಚಳಿಯಲ್ಲಿ ರಾತ್ರಿ ಹೆಪ್ಪುಗಟ್ಟಲು ಇದರಲ್ಲಿ ನೀರೇ ಇಲ್ಲ. ಫ್ಯಾನು ನೇರವಾಗಿ ಎಂಜಿನ್ನಿನ ತಿರುಗುವ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ, ತುದಿಗೇ ಕೂತಿದೆ, ಆದ್ದರಿಂದ ಫ್ಯಾನ್ ಬೆಲ್ಟ್ ಹರಿಯುವ ಭಯವೂ ಇಲ್ಲ. ಸಿಲಿಂಡರಿಗೂ ಅದರ ಮುಚ್ಚಳಕ್ಕೂ ನಡುವೆ ಹಾಕುವ ಹೆಡ್ ಗ್ಯಾಸ್ಕೆಟ್ ಇಲ್ಲ. ಲೋಹಕ್ಕೆ ಲೋಹ ಸರಿಯಾಗಿ ಕೂರುತ್ತದೆ. ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಕೂಡ ಇಲ್ಲ. ಒಂದು ಕಾಯಿಲ್, ಎರಡು ವೈರು. ಪ್ರತಿ ಸುತ್ತಿಗೂ ಎರಡೂ ಪ್ಲಗ್ ಒಟ್ಟಿಗೆ ಕಿಡಿ ಹಾರಿಸುತ್ತವೆ. ಒಂದು ಕಡೆ ಆ ಕಿಡಿ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಹೊಗೆ ಹೊರಹೋಗುತ್ತಿರುವಾಗ ಬಿದ್ದು ವ್ಯರ್ಥವಾಗುತ್ತದೆ. ವ್ಯರ್ಥವಾದರೆ ಆಗಲಿ, ಕೆಡುವ ಒಂದು ಭಾಗ ಕಮ್ಮಿಯಾಯಿತಲ್ಲ. ನನಗೆ ಈ ಯೋಚನೆ ಬಹಳ ಹಿಡಿಸಿತು.

ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಎರಡು ದಿನ ಬಿಟ್ಟೆ. ಆಮೇಲೆ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿದೆ. ತಿರುಗಿತು. ದೊಡ್ಡ ನಿಟ್ಟುಸಿರು ಬಿಟ್ಟೆ. ಈ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ತುಂಡುಗಳನ್ನು ಕಾರ್ಖಾನೆಯಲ್ಲಿ ದ್ರವ ಸಾರಜನಕದಿಂದ ತಣ್ಣಗೆ ಮಾಡಿ ಒಂದರೊಳಗೊಂದು ಕೂರಿಸಿರುತ್ತಾರೆ. ಅದನ್ನು ಮನೆಯಲ್ಲಿ ಬಿಚ್ಚಿ ಕೂರಿಸಲು ಆಗುವುದಿಲ್ಲ.

ಕಷ್ಟ ಕೊಟ್ಟದ್ದು ಪಾಯಿಂಟ್, ಅಂದರೆ ಕಿಡಿ ಯಾವಾಗ ಹಾರಬೇಕು ಅಂತ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು. ಅದು ಫ್ಯಾನಿನ ಹಿಂದೆ ಒಂದು ಪುಟ್ಟ ಡಬ್ಬಿಯಲ್ಲಿ ಅಡಗಿದೆ. ಫ್ಯಾನ್ ತೆಗೆಯದೆ ಅದು ಸಿಗುವುದಿಲ್ಲ. ನಡುವಿನ ಬೋಲ್ಟ್ ಸಡಿಲಿಸಿ, ಫ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಾಡಿಸಿದೆ. ಅರ್ಧ ಗಂಟೆಯಾದರೂ ಬರಲಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿಟ್ಟು ಮತ್ತೆ ಹಿಡಿದೆ, ಬಂತು. ಪಾಯಿಂಟ್ ಮುಖ ಸುಟ್ಟು ಗುಳಿ ಬಿದ್ದಿತ್ತು. ಹೊಸ ಪಾಯಿಂಟ್, ಹೊಸ ಕಂಡೆನ್ಸರ್. ಸಂದು 0.4 ಮಿ.ಮೀ. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹೊಂದಿಸಲು ಎಂಜಿನ್ನಿನ ಎಡಬದಿಯಲ್ಲಿ ಒಂದು ತೂತು ಕೊಟ್ಟಿದ್ದಾರೆ. 6 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಭಾಗವನ್ನು ಅದರೊಳಗೆ ತೂರಿಸಿ ಎಂಜಿನ್ ತಿರುಗಿಸಿದರೆ ಫ್ಲೈವೀಲಿನ ಕುಳಿಯಲ್ಲಿ ಟಕ್ ಅಂತ ಕೂರುತ್ತದೆ. ಆ ಜಾಗದಲ್ಲೇ ಪಾಯಿಂಟ್ ತೆರೆಯಬೇಕು, ಪಾಯಿಂಟಿಗೆ ಜೋಡಿಸಿಟ್ಟ ಪರೀಕ್ಷೆಯ ಬಲ್ಬು ಹತ್ತಬೇಕು. ಅಷ್ಟೇ. ವಾಲ್ವ್ ಸಂದು ಎಂಜಿನ್ ತಣ್ಣಗಿರುವಾಗ 0.20 ಮಿ.ಮೀ.

ಏಪ್ರಿಲ್: ಹಸಿರು ಎಣ್ಣೆ

ಈಗ ಮೊದಲು ಹೇಳಿದ ಬ್ರೇಕ್ ವಿಷಯ. ಈ ಕಾರು ಇಟ್ಟುಕೊಂಡವರು, ಕೊಳ್ಳುವವರು ದಯವಿಟ್ಟು ಇದನ್ನು ಗಮನಿಸಿ.

1981ರ ಬೇಸಿಗೆಯವರೆಗೆ 2ಸಿವಿ6ಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್ ಇತ್ತು. ಅದಕ್ಕೆ ಮಾಮೂಲಿ ಬ್ರೇಕ್ ಆಯಿಲ್. ಆಮೇಲೆ ಬಂದ ಕಾರುಗಳಿಗೆ ಮುಂದೆ ಡಿಸ್ಕ್. ಈ ಡಿಸ್ಕ್ ಚಕ್ರದ ಹತ್ತಿರ ಇಲ್ಲ, ಗೇರ್‌ಬಾಕ್ಸ್ ಪಕ್ಕದಲ್ಲಿದೆ. ಚಕ್ರದ ಭಾರ ಕಮ್ಮಿಯಾಗಲಿ, ಗುಂಡಿಯಲ್ಲಿ ಅದು ಹಗುರವಾಗಿ ಕುಣಿಯಲಿ ಅಂತ. ಡಿಸ್ಕ್ ಇರುವ ಕಾರುಗಳಿಗೆ ಹಾಕಬೇಕಾದದ್ದು ಎಲ್‌ಎಚ್‌ಎಂ ಅನ್ನುವ ಹಸಿರು ಖನಿಜ ಎಣ್ಣೆ. ಎರಡೂ ಬೇರೆ ಬೇರೆ ಜಾತಿ. ಒಂದಕ್ಕೆ ಮಾಡಿದ ರಬ್ಬರ್ ಇನ್ನೊಂದರಲ್ಲಿ ಹಾಳಾಗುತ್ತದೆ.

ನನ್ನ ಕಾರಿನ ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿದ್ದದ್ದು ಹಸಿರಲ್ಲ, ಕಂದು ಬಣ್ಣದ ದ್ರವ. ಯಾವಾಗಲೋ ಯಾವುದೋ ಗ್ಯಾರೇಜಿನಲ್ಲಿ ಮಾಮೂಲಿ ಬ್ರೇಕ್ ಆಯಿಲ್ ಸುರಿದಿದ್ದಾರೆ. ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿದರೆ ರಬ್ಬರ್ ವಾಷರ್‌ಗಳು ಉಬ್ಬಿ ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗಿದ್ದವು. ಹಿಂದಿನ ಚಕ್ರದ ಸಿಲಿಂಡರ್‌ಗಳಲ್ಲೂ ಅದೇ ಕಥೆ. ನನಗೆ ನಿಜವಾಗಿ ಕೋಪ ಬಂತು. ಮಲೆ ರಸ್ತೆಯಲ್ಲಿ ಇಳಿಯುವಾಗ ಬ್ರೇಕ್ ಹೋಗಿದ್ದರೆ? ಆ ಮುದುಕರು ಇದೇ ಕಾರಿನಲ್ಲಿ ಪ್ರತಿವಾರ ಸಂತೆಗೆ ಹೋಗುತ್ತಿದ್ದರು.

ಅರ್ಧಂಬರ್ಧ ತೊಳೆದರೆ ಪ್ರಯೋಜನವಿಲ್ಲ. ಪೈಪುಗಳನ್ನೆಲ್ಲ ಬದಲಿಸಿದೆ. ಮಾಸ್ಟರ್ ಸಿಲಿಂಡರ್ ಹೊಸದು, ಹಿಂದಿನವೂ ಹೊಸವು. ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗಳನ್ನು ಸ್ಪಿರಿಟ್‌ನಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ಹಸಿರು ಎಣ್ಣೆಗೆ ಹೊಂದುವ ಸೀಲ್ ಹಾಕಿದೆ. ಹ್ಯಾಂಡ್‌ಬ್ರೇಕ್ ಕೂಡ ಮುಂದಿನ ಡಿಸ್ಕನ್ನೇ ಹಿಡಿಯುತ್ತದೆ, ಅದಕ್ಕೆ ಬೇರೆಯೇ ಚಿಕ್ಕ ಪ್ಯಾಡ್‌ಗಳು. ಅವು ತುಕ್ಕಿನಿಂದ ಅಂಟಿಕೊಂಡಿದ್ದವು, ಬಿಡಿಸಿದೆ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯಲು ನನ್ನ ಗಂಡ ಪೆಡಲ್ ಒತ್ತುತ್ತಾ ಕೂತರು, ನಾನು ಕೆಳಗೆ. ಕೊನೆಗೆ ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು. ಡಬ್ಬಿಯ ಮೇಲೆ ದೊಡ್ಡದಾಗಿ ಫ್ರೆಂಚಿನಲ್ಲೂ ಕನ್ನಡದಲ್ಲೂ ಬರೆದು ಅಂಟಿಸಿದ್ದೇನೆ: ಹಸಿರು ಮಾತ್ರ.

ಮೇ: ರಸ್ತೆ

ಮೂರನೇ ಹ್ಯಾಂಡಲ್‌ಗೆ ಎಂಜಿನ್ ಹಿಡಿಯಿತು. ಬ್ಯಾಟರಿ ಇತ್ತು, ಆದರೂ ಮೊದಲ ಸಲ ಕೈಯಲ್ಲೇ ಹೊಡೆಯಬೇಕು ಅನ್ನಿಸಿತು. ಆ ಪಟಪಟ ಸದ್ದಿಗೆ ಅಜ್ಜಿ ಕಿಟಕಿ ತೆರೆದರು.

ಟೈರಿಗೆ ಗಾಳಿ ಮುಂದೆ 1.4, ಹಿಂದೆ 1.8 ಬಾರ್. ಸರಳುಗಳನ್ನು ತಿರುಗಿಸಿ ಎತ್ತರ ಹೊಂದಿಸಲು ಎರಡು ಸಂಜೆ ಹಿಡಿಯಿತು. ಒಂದು ಮೂಲೆ ಸರಿಮಾಡಿದರೆ ಇನ್ನೊಂದು ಬದಲಾಗುತ್ತದೆ, ಎರಡೂ ಒಂದಕ್ಕೊಂದು ಕಟ್ಟಿಕೊಂಡಿವೆಯಲ್ಲ. ಆಮೇಲೆ ಬಲಗಡೆಯ ಕೊಳವೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮುಂದಿನ ಚಕ್ರವನ್ನು ದಪ್ಪ ಹಲಗೆಯ ಮೇಲೆ ಹತ್ತಿಸಿದೆ. ಗೆರೆ ಮುಂದಕ್ಕೆ ಸರಿಯಿತು. ಒಂದು ಬೆರಳಿನ ಅಗಲವೂ ಇಲ್ಲ. ಆದರೆ ಸರಿಯಿತು. ಹಲಗೆ ತೆಗೆದು ಇಟ್ಟು, ತೆಗೆದು ಇಟ್ಟು, ಎಷ್ಟು ಸಲ ನೋಡಿದೆನೋ.

ಗೇರ್ ಹಿಡಿ ಡ್ಯಾಶ್‌ಬೋರ್ಡಿನಿಂದ ಛತ್ರಿಯ ಹಿಡಿಯ ಹಾಗೆ ಹೊರಗೆ ಚಾಚಿದೆ. ತಳ್ಳಬೇಕು, ಎಳೆಯಬೇಕು. ನಾಲ್ಕು ಗೇರು. ಬುಲಾಂಜೆ ಮೂರೇ ಸಾಕು ಅಂದಿದ್ದರು. ಬೆಕ್ಕಿಯ ನಾಲ್ಕನೆಯದನ್ನೂ ಮಾಡಿ, ಇದು ಗೇರಲ್ಲ, ಓವರ್‌ಡ್ರೈವ್ ಅಂತ ಒಪ್ಪಿಸಿದರಂತೆ. ಮೊದಲಿನ ಕಾರುಗಳಲ್ಲಿ ನಾಲ್ಕರ ಜಾಗದಲ್ಲಿ 'ಎಸ್' ಅಂತ ಬರೆದಿರುವುದು ಅದಕ್ಕೆ, ಓವರ್‌ಡ್ರೈವ್‌ನ ಫ್ರೆಂಚ್ ಹೆಸರಿನ ಮೊದಲ ಅಕ್ಷರ.

1939ರ ಅಕ್ಟೋಬರ್‌ನಲ್ಲೇ ಈ ಕಾರು ಪ್ಯಾರಿಸ್ಸಿನ ಮೋಟಾರು ಪ್ರದರ್ಶನಕ್ಕೆ ಬರಬೇಕಿತ್ತು. 250 ಕಾರು ತಯಾರಾಗುತ್ತಿದ್ದವು, ಒಂದೇ ದೀಪದವು. ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಜರ್ಮನರ ಕೈಗೆ ಸಿಗಬಾರದು ಅಂತ ಹೆಚ್ಚಿನವನ್ನು ಒಡೆದರು, ಕೆಲವನ್ನು ಬಚ್ಚಿಟ್ಟರು. 1990ರ ದಶಕದಲ್ಲಿ ಸಿಟ್ರೊಯೆನ್ ಕಾರುಗಳ ಪರೀಕ್ಷೆ ನಡೆಸುವ ಜಾಗವಾದ ಲಾ ಫೆರ್ತೆ-ವಿದಾಮ್‌ನ ಕೊಟ್ಟಿಗೆಯ ಅಟ್ಟದಲ್ಲಿ ಅಂಥ ಮೂರು ಸಿಕ್ಕವು. ಬುಲಾಂಜೆ 1950ರ ನವೆಂಬರ್‌ನಲ್ಲಿ ಕ್ಲೆರ್ಮೋನ್-ಫೆರಾನ್ ಮತ್ತು ಪ್ಯಾರಿಸ್ ನಡುವಿನ ರಸ್ತೆಯಲ್ಲಿ ಅಪಘಾತದಲ್ಲಿ ತೀರಿಕೊಂಡರು. ಆಗಿನ್ನೂ ಜನ ಈ ಕಾರಿಗೆ ವರ್ಷಗಟ್ಟಲೆ ಕಾಯುತ್ತಿದ್ದರು. ಲಕ್ಷಗಟ್ಟಲೆ ಆದದ್ದನ್ನು ಅವರು ನೋಡಲಿಲ್ಲ. ನನಗೆ ಇದು ಬೇಜಾರಿನ ವಿಷಯ.

ವಾಹನ ತಪಾಸಣೆಯಲ್ಲಿ ಕಾರು ಪಾಸಾದ ಮಾರನೇ ದಿನ ಅಜ್ಜಿಯನ್ನು ಕೂರಿಸಿಕೊಂಡು ಹೊರಟೆ. ಅವರು ಏನೂ ಮಾತಾಡಲಿಲ್ಲ. ಊರು ದಾಟಿದ ಮೇಲೆ, ನೋಡದೆಯೇ ಕೈ ಚಾಚಿ ಗಾಜಿನ ಕೆಳಗಿನ ಗಾಳಿಕಿಂಡಿಯ ತಿರುಪು ತಿರುಗಿಸಿದರು. ತಂಪು ಗಾಳಿ ಇಬ್ಬರ ಮುಖಕ್ಕೂ ಬಂತು. ಹೊಲದ ದಾರಿಯಲ್ಲಿ ಎಡಕ್ಕೆ ತಿರುಗಿಸಲು ಹೇಳಿದರು. ಗುಂಡಿ ಬಿದ್ದ ಮಣ್ಣಿನ ದಾರಿ. ಕಾರು ವಾಲಿತು, ಎದ್ದಿತು, ಮುಂದೆ ಹೋಯಿತು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು.

ಬಲಗಡೆಯ ಹಿಂದಿನಿಂದ ಇನ್ನೂ ಒಂದು ಕಿರ್ ಸದ್ದು ಬರುತ್ತಿದೆ. ಶನಿವಾರ ಮುಸುಕು ಎತ್ತಿ ಇನ್ನೊಂದು ಸಿರಿಂಜ್ ಹರಳೆಣ್ಣೆ ಬಿಡಬೇಕು.